ಜಯಮ್ಮ ಹೊತ್ತ ಮಾತು

ನನ್ನ ಹೆಂಡತಿ ಜಯಮ್ಮ ಬಂಜೆಯಲ್ಲ. ಮಕ್ಕಳಾಗದ ಕೊರತೆ ಇದ್ದದ್ದು ನನ್ನಲ್ಲಿ. ಮದುವೆಯಾದ ಕೆಲವು ವರ್ಷಗಳಿಗೇ ಅದು ನನಗೆ ಗೊತ್ತಾಗಿತ್ತು — ಗೊತ್ತಿದ್ದೂ ಆ ಹೆಸರನ್ನು ಅವಳ ಮೇಲೆ ಹೇರಿ, ಮುದುಕನಾಗುವವರೆಗೂ ಸುಮ್ಮನಿದ್ದೆ.

ಈಗ ಬಾಯಿ ಬಿಡಲು ಕಾರಣ ಒಂದು ಇಂಗ್ಲಿಷ್ ಪದ. ವಿಜಯನಗರದಲ್ಲಿರುವ ನನ್ನ ತಂಗಿ ಸರೋಜಳ ಮೊಮ್ಮಗಳು ಮೇಘನಾ ಮೂಡಲಪಾಳ್ಯದ ನಮ್ಮ ಮನೆಗೆ ಬಂದು, "ತಾತ, ನಾನು ಕ್ಯಾರಿಯಿಂಗ್" ಎಂದಳು. ಬಸುರಿ ಎನ್ನಲು ನಾಚುವವರು ನಮ್ಮ ಕಡೆ ಹಾಗೇ ಅನ್ನುತ್ತಾರೆ. ಅದೇ ಪದ ಊಟದ ಕ್ಯಾರಿಯರ್‌ನಲ್ಲಿದೆ, ಅಂಗಡಿಯ ಕ್ಯಾರಿ ಬ್ಯಾಗ್‌ನಲ್ಲಿದೆ, ಸೈಕಲ್ಲಿನ ಹಿಂದೆಯೂ ಇದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಸ್ಟೋರ್ ನೋಡಿಕೊಂಡಿದ್ದವನು. ನಿವೃತ್ತಿಯ ಮೇಲೆ ಲೈಬ್ರರಿಯಲ್ಲಿ ಕೂತು ಪದಗಳ ಹುಟ್ಟು ಹುಡುಕುವುದೇ ಚಟವಾಗಿದೆ. ಇದನ್ನೂ ಹುಡುಕಿದೆ. ಇದರ ಮೂಲ ಗಾಡಿಯಂತೆ. ಯುರೋಪಿನ ಹಳೆಯ ಜನವೊಂದು ಗಾಡಿಗೆ ಅನ್ನುತ್ತಿದ್ದ ಮಾತು ಲ್ಯಾಟಿನ್ನಿಗೆ ಸೇರಿ, ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಮೊದಲು ಅದರ ಅರ್ಥ ಗಾಡಿಯಲ್ಲಿ ಸಾಗಿಸುವುದು ಎಂದಷ್ಟೇ. ಕೈ, ಹೆಗಲು, ಹೊಟ್ಟೆ — ಇವೆಲ್ಲ ಆಮೇಲೆ ಬಂದು ಕೂತ ಅರ್ಥಗಳು. ಗಾಡಿಗೆ ಯಾರು ಏನು ಹೇರಿದರೂ ಇದು ಯಾರದು ಎಂದು ಅದು ಕೇಳುವುದಿಲ್ಲ... ಅಲ್ಲಿಗೆ ನಿಘಂಟು ಮುಚ್ಚಿಬಿಟ್ಟೆ.

ರಾಜಾಜಿನಗರದ ಡಾಕ್ಟರೊಬ್ಬರ ಹತ್ತಿರ ಇಬ್ಬರೂ ಪರೀಕ್ಷೆ ಮಾಡಿಸಿದ್ದೆವು. ಕೊನೆಯ ದಿನ ಅವರು ನನ್ನೊಬ್ಬನನ್ನೇ ಒಳಗೆ ಕರೆದರು. ನಿಮ್ಮ ಹೆಂಡತಿಗೆ ಏನೂ ತೊಂದರೆಯಿಲ್ಲ, ತೊಂದರೆ ನಿಮ್ಮದು, ನಾಚಿಕೆ ಪಡಬೇಡಿ ಎಂದು ಮೆತ್ತಗೆ ಹೇಳಿದರು. ಹೊರಗೆ ಬಂದಾಗ ಜಯಮ್ಮ ಬೆಂಚಿನಿಂದ ಎದ್ದು ಏನಂದ್ರು ಎಂದು ಕೇಳಿದಳು.

"ನಿನ್ನ ಗರ್ಭಕೋಶ ವೀಕಂತೆ. ನಿಲ್ಲಲ್ವಂತೆ."

ಬಾಯಿ ತಪ್ಪಿ ಬಂತು ಎಂದು ಬರೆಯಬಹುದಿತ್ತು — ಅದು ಸುಳ್ಳು. ಡಾಕ್ಟರ ಬಾಗಿಲು ದಾಟುವಷ್ಟರಲ್ಲೇ ಮಾತು ಸಿದ್ಧವಾಗಿತ್ತು.

ಅವಳು ಸೈಕಲ್ಲಿನ ಹಿಂದೆ ಹತ್ತಿ ಕೂತಳು. ಅಳುತ್ತಿದ್ದಾಳೇನೋ ಎಂದು ತಿರುಗಿ ನೋಡಲೂ ನನಗೆ ಧೈರ್ಯ ಬರಲಿಲ್ಲ. ಮನೆ ಹತ್ತಿರವಾದಾಗ ಬೆನ್ನ ಹಿಂದಿನಿಂದ ಹೇಳಿದಳು.

"ನಿಮ್ಮಮ್ಮಂಗೆ ನಾನೇ ಹೇಳ್ತೀನಿ ಬಿಡಿ. ನಿಮ್ಮ ಬಾಯಲ್ಲಿ ಹೇಳಕ್ಕೆ ಕಷ್ಟ ಆಗತ್ತೆ."

ಹೇಳಿಯೂ ಹೇಳಿದಳು. ಅಮ್ಮ ನನಗೆ ಬೇರೆ ಹೆಣ್ಣು ನೋಡಿದರು. ನಾನು ಒಲ್ಲೆ ಎಂದೆ. ಮತ್ತೊಬ್ಬಳು ಬಂದರೆ ನನ್ನ ಗುಟ್ಟು ಬಯಲಾಗುತ್ತಿತ್ತು, ಅಷ್ಟೇ. ಆದರೆ ನೆಂಟರೆಲ್ಲ ದೇವರಂಥ ಗಂಡ ಎಂದು ಹೊಗಳಿದರು. ಜಯಮ್ಮನೂ ಹಾಗೇ ನಂಬಿದಳು. ಆ ಋಣಕ್ಕೆಂದೇ ಹಾಸಿಗೆ ಹಿಡಿದ ಅಮ್ಮನ ಮಲಮೂತ್ರ ಬಳಿದಳು, ನನ್ನ ಸಿಡುಕು ಸಹಿಸಿದಳು. ಅವಳು ನನಗೆ ಕೃತಜ್ಞಳಾಗಿದ್ದಳು — ನನಗೆ!

ನಮ್ಮಲ್ಲಿ ಸೀಮಂತದ ದಿನ ಬಸುರಿಗೆ ಬಳೆ ತೊಡಿಸಿ ಮಡಿಲು ತುಂಬುವವರು ಮಕ್ಕಳಿರುವ ಹೆಂಗಸರು ಮಾತ್ರ. ಸರೋಜ ಬಾಯಿಬಿಟ್ಟು ಬೇಡ ಎಂದವಳಲ್ಲ. ಅತ್ತಿಗೆ ಕೈಯ ಒಬ್ಬಟ್ಟು ಯಾರಿಗೂ ಬರಲ್ಲ ಎಂದು ನಗುನಗುತ್ತಲೇ ಜಯಮ್ಮನನ್ನು ಅಡುಗೆಮನೆಗೆ ಕಳಿಸುತ್ತಿದ್ದಳು. ಹೊರಗೆ ಆರತಿಯ ಹಾಡು ಕೇಳುವಾಗ ಜಯಮ್ಮ ಒಳಗೆ ಕಾವಲಿಯ ಮುಂದೆ ಇರುತ್ತಿದ್ದಳು. ನಾನು ಊಟ ಮಾಡಿ ಬರುತ್ತಿದ್ದೆ.

ಮೇಘನಾಳ ಸೀಮಂತದ ಹಿಂದಿನ ದಿನ ಬೆಳಿಗ್ಗೆ ಎಲ್ಲವನ್ನೂ ಹೇಳಿದೆ. ಜಯಮ್ಮ ಅವರೆಕಾಳು ಹಿದುಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಬುಟ್ಟಿ ಬರಿದಾದ ಮೇಲೆ ಮಾತಾಡಿದಳು.

"ನಿಮ್ಮಮ್ಮ ಇದ್ದಾಗ ಹೇಳಿದ್ರೆ ಸಾಕಿತ್ತು ಕಣ್ರೀ. ಈಗ ನಂಗೊಬ್ಳಿಗೆ ಹೇಳಿ ಏನು? ಹೋಗಿ ನಿಮ್ಮ ತಂಗಿಗೆ ಹೇಳಿ."

ಮಾರನೆಯ ದಿನ ಸರೋಜಳ ಮನೆಯಲ್ಲಿ, ಬಳೆ ತೊಡಿಸುವ ಮೊದಲು, ನೆಂಟರಿಷ್ಟರ ಎದುರಿಗೇ ಹೇಳಿದೆ. ಹಿಂದೆ ಕೂತವರಿಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು. ಸರೋಜ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತೇ ಇದ್ದಳು. "ಅಣ್ಣ, ಇದೇನು ಈ ಹೊತ್ತಲ್ಲಿ" ಎಂದವಳು ತಲೆ ತಗ್ಗಿಸಿದಳು. ಮೇಘನಾ ಮಣೆಯಿಂದ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು.

"ಅಜ್ಜಿ, ಬನ್ನಿ. ನೀವೇ ಫಸ್ಟ್."

"ಇರು ಮಗಳೇ, ಕಾವಲಿ ಮೇಲಿರೋದು ಸೀದೋಗತ್ತೆ."

ನಾನು ಒಳಗೆ ಹೋಗಿ ಮಗುಚುವ ಸಟ್ಟುಗಕ್ಕೆ ಕೈ ಚಾಚಿದೆ. ಜಯಮ್ಮ ನನ್ನ ಮುಖ ನೋಡಲಿಲ್ಲ. ಅದನ್ನು ನನ್ನ ಕೈಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ನಡೆದಳು.

ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಇಂದಿಗೂ ನನಗೆ ಅನ್ನ ಬಡಿಸುತ್ತಾಳೆ. ಆ ಅನ್ನಕ್ಕೆ ದಿನಾ ಕೈ ಮುಗಿಯುತ್ತೇನೆ. ಅವತ್ತು ಹೊರಗೆ ಬಳೆಗಳ ಸದ್ದು ಶುರುವಾದಾಗ ನಾನು ಒಲೆಯ ಮುಂದೆಯೇ ಇದ್ದೆ. ಒಬ್ಬಟ್ಟು ಮಗುಚಲು ಬಾರದೆ ಹರಿಯಿತು, ಬೆರಳು ಸುಟ್ಟಿತು. ಹಾಡು ಮುಗಿಯುವವರೆಗೂ ಯಾರನ್ನೂ ಕರೆಯಲಿಲ್ಲ.