ಪಾಳಿಗೆ ಹೊರಟವನನ್ನು ನಿಲ್ಲಿಸಿದ ಪದ

ಹಳೆಯ ಹಾಡು ಕೇಳಿಸಿ, ಮನಸ್ಸು ಒಂದು ಕಡೆ ನಿಂತೀತು ಎಂದು ನಾಸಿಕದ ಡಾಕ್ಟರರು ಹೇಳಿದ್ದರು. ಹೇಳುವುದಕ್ಕೇನು, ಸುಲಭ. ಗೊಲ್ಲಾಳಪ್ಪನನ್ನು ಮನೆಯಲ್ಲಿ ನಿಲ್ಲಿಸಬೇಕಾದವಳು ಅವನ ಹೆಂಡತಿ ಚನಬಸವ್ವ.

ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ತಗಡಿಗೆ ರಿವೆಟ್ ಹೊಡೆದ ಮನುಷ್ಯ. ಮರೆವು ಹತ್ತಿದ ಮೇಲೆ ನಿವೃತ್ತಿಯಾದದ್ದನ್ನೇ ಮರೆತು, ಪಾಳಿಗೆ ಹೊತ್ತಾಯಿತೆಂದು ದಿನವೂ ಹೊರಟುಬಿಡುತ್ತಿದ್ದ. ಒಮ್ಮೆ ಮಾಲೇಗಾಂವ್ ಹೆದ್ದಾರಿಯ ನಡುವೆ ಕಂಪನಿ ಬಸ್ಸಿಗೆ ಕೈ ಮಾಡುತ್ತ ನಿಂತಿದ್ದವನನ್ನು ಯಾರೋ ಪುಣ್ಯಾತ್ಮರು ಕರೆತಂದರು. ಇನ್ನೊಮ್ಮೆ ಹೀಗಾದರೆ ಹೊರಗಿನಿಂದ ಬೀಗವೇ ಸೈ ಎಂದಳು ಮಗಳು ಪೂಜಿತಾ. ಗಂಡನನ್ನು ದನದ ಹಾಗೆ ಕೂಡಿಹಾಕುವ ಮಾತು ಕೇಳಿಯೇ ಚನಬಸವ್ವನಿಗೆ ಸಂಕಟವಾಯಿತು.

ಪೂಜಿತಾ ಇನ್ನೂರು ಹಿಂದಿ ಹಾಡು ತುಂಬಿಸಿ, ಕಿವಿ ಪೂರ್ತಿ ಮುಚ್ಚುವ ದಪ್ಪ ಹೆಡ್‌ಫೋನ್ ತಂದು ಅಪ್ಪನ ತಲೆಗೇರಿಸಿದಳು. ಗೊಲ್ಲಾಳಪ್ಪ ಎರಡೂ ಕಡೆ ಒತ್ತಿ ನೋಡಿಕೊಂಡ. ಮುಖ ಅರಳಿತು. ಎದ್ದು ಚಪ್ಪಲಿ ಮೆಟ್ಟಿದ. ರಿವೆಟ್ ಸದ್ದಿಗೆ ಕಾರ್ಖಾನೆಯಲ್ಲಿ ಕಿವಿಗೆ ಹಾಕಿಕೊಳ್ಳುತ್ತಿದ್ದುದೂ ಅಂಥದ್ದೇ.

"ನನ್ನ ಡಬ್ಬಿ ಎಲ್ಲೈತಿ?"

"ಚಲೋ ಆತ ನೋಡವಾ," ಎಂದು ಚನಬಸವ್ವ ಸಿಡುಕಿದಳು. "ಬರೇ ಕೈಲೆ ಹೋಗ್ತಿದ್ರು, ಈಗ ತಯಾರಾಗಿ ಹೊಂಟಾರ."

"ಅವ್ವಾ, ಥಾಂಬ್ ನಾ," ಎಂದು ಪೂಜಿತಾ ತನ್ನ ಅರೆ ಮರಾಠಿಯಲ್ಲಿ ತಡೆದಳು. "ಥೋಡೆ ದಿವಸ ನೋಡೂಣು."

"ನೋಡಾಕಿ ನೀ. ಹಿಂದ ಓಡಾಕಿ ನಾ."

ನೋಯುವ ಮೊಣಕಾಲಲ್ಲೇ ನಾಲ್ಕು ದಿನ ಓಡಿದಳು. ಐದನೆಯ ದಿನ ರೊಟ್ಟಿ ತಟ್ಟುವ ಹೊತ್ತಿಗೆ ಸರಿಯಾಗಿ ಅವನು ಮತ್ತೆ ಹೊಸ್ತಿಲಲ್ಲಿ. ಹಿಟ್ಟಿನ ಕೈಯಲ್ಲೇ ಹೋಗಿ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದಳು. "ಎಲ್ಲಿಗರೆ ಹೋಗ್ರಿ," ಎಂದು ಒಲೆಗೆ ಮರಳಿ, ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ಬಡಿದಳು. ಆ ಬಡಿತಕ್ಕೆ ತನ್ನವ್ವ ಹಾಡುತ್ತಿದ್ದ ಬೀಸುವ ಪದವೊಂದು ತಾನಾಗಿ ಬಾಯಿಗೆ ಬಂತು.

ಅವಳು ಹಾಡು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಮೊದಲ ವಾರವೇ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಿದ್ದ ಅವನು "ಬಾಯಿ ಮುಚ್ಚ, ನಿದ್ದಿ ಕೆಡತೈತಿ" ಎಂದಿದ್ದ. ಮುಚ್ಚಿದ್ದಳು. ಪಾಳಿ ಬದಲಾದ ಮೇಲೂ ಹಾಡು ಎಂದು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಎರಡು ನುಡಿ ಮುಗಿಸಿ ತಿರುಗಿದರೆ, ಗೊಲ್ಲಾಳಪ್ಪ ಚಪ್ಪಲಿ ಬಿಟ್ಟು ಬಂದು ಒಲೆಯ ಮುಂದೆ ಕೂತಿದ್ದ. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

"ನಿಲ್ಲಿಸಬ್ಯಾಡ್ರಿ," ಎಂದ. ಹೆಂಡತಿಗೆ ಅವನು ಎಂದೂ 'ರಿ' ಹಚ್ಚಿ ಮಾತಾಡಿದವನಲ್ಲ.

ಹಾಡಿದಳು. ಎರಡು ರೊಟ್ಟಿ ತಿಂದ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ನನ್ನ ಹೇಣ್ತಿನೂ ಹಿಂಗ ಹಾಡ್ತಿದ್ಲರಿ. ನಾನ ಬಿಡಿಸಿದೆ. ತಪ್ಪಾತು. ಆಕಿ ಬಂದ್ರ ಹೇಳ್ರಿ, ಹಾಡಂತ."

ಇಷ್ಟು ವರ್ಷ ಬಾರದ ಮಾತು, ಬಂದದ್ದು ಇವಳನ್ನು ಬೇರೆ ಯಾರೋ ಎಂದುಕೊಂಡ ಮೇಲೆ. ಚನಬಸವ್ವನಿಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಮೂರನೆಯ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

"ನಾ ಯಾಕ ಹೇಳ್ಲಿ? ನೀವ ಹೇಳ್ರಿ," ಎಂದಳು. "ಆಕಿ ಬರೂತನಾ ಇಲ್ಲೇ ಕುಂದರ್ರಿ."