ನಿಲ್ಲಿಸುವ ಹಕ್ಕಿನ ಪಾಠ

ಒಮ್ಮೆಯೂ ಪ್ರಯೋಗಕ್ಕೆ ಒಳಪಡದ ನಿಯಮವನ್ನು ನಿಯಮವೆಂದು ನಂಬುವುದು ಹೇಗೆ? ಈ ಪ್ರಶ್ನೆಗೆ ಇದನ್ನು ಬರೆಯುತ್ತಿರುವವರ ಬಳಿ ಉತ್ತರವಿಲ್ಲ. ತೈಲಬಾವಿಯ ಅಂಗಳದ ತಗಡಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಮಾವನ ಬಳಿಯೂ ಇರಲಿಲ್ಲವೆಂದೇ ಅಳಿಯ ಬಹುಕಾಲ ನಂಬಿದ್ದ.

ಮಾವನ ಕೆಲಸ ವಿಚಿತ್ರವಾದದ್ದು. ಉಪಗುತ್ತಿಗೆಗೆ ಬರುವವನು ವೆಲ್ಡರನಾಗಲಿ, ಅಡುಗೆಯವನಾಗಲಿ, ಬಾವಿ ಕೊರೆಯುವ ಯಂತ್ರಗೋಪುರವಾದ ರಿಗ್ಗಿನ ಬಳಿ ಕಾಲಿಡುವ ಮುನ್ನ ಅಲ್ಲಿಯ ಮಾತನ್ನು ಅವರಿಂದ ಕಲಿಯಬೇಕಿತ್ತು. ಕೊರೆಯುವಾಗ ಬಾವಿಗಿಳಿಸುವ ಭಾರವಾದ ಕೆಸರುದ್ರವ ‘ಮಡ್’. ಒಳಗಿನ ಅನಿಲವನ್ನು ಅದುಮಿಡುವುದು ಅದೇ. ಅದನ್ನೂ ಮೀರಿ ಅನಿಲ ಬಾವಿಗೆ ನುಗ್ಗಿದರೆ ‘ಕಿಕ್’. ‘ಕಂಪನಿ ಮ್ಯಾನ್’ ಎಂದರೆ ಬಾವಿಯ ಒಡೆಯರ ಪ್ರತಿನಿಧಿ. ಅವನು ನಕ್ಕರೆ ಎಲ್ಲರೂ ನಗತಕ್ಕದ್ದು. ಕೆಲಸ ನಿಂತು ವ್ಯರ್ಥವಾದ ಹೊತ್ತು ‘ಎನ್‌ಪಿಟಿ’. ಯಾರ ಯಂತ್ರವೇ ಕೆಡಲಿ, ಅದರ ಹೊಣೆ ನೀರಿನಂತೆ ತಗ್ಗಿಗೇ ಹರಿದು ಅತಿ ಚಿಕ್ಕ ಗುತ್ತಿಗೆದಾರನ ತಲೆಯ ಮೇಲೆ ನಿಲ್ಲುತ್ತಿತ್ತು.

ಕೊನೆಯ ಪದ ‘ಸ್ಟಾಪ್ ವರ್ಕ್’.

“ಅಪಾಯ ಕಂಡ್ರೆ ಯಾರು ಬೇಕಾದ್ರೂ ಕೆಲಸ ನಿಲ್ಲಿಸಬಹುದು. ಕಸ ಗುಡಿಸೋನು ಕೂಡ,” ಎಂದರು ಮಾವ.

ತನ್ನ ಒಂದೇ ಒಂದು ಕ್ರೇನಿನೊಂದಿಗೆ ಗುತ್ತಿಗೆ ಹಿಡಿದಿದ್ದ ಅಳಿಯ ಹಿಂದಿನ ಬೆಂಚಿನಿಂದ ಕೈಯೆತ್ತಿದ. “ಹಾಗೆ ನಿಲ್ಲಿಸಿ ಕೆಲಸ ಉಳಿಸ್ಕೊಂಡೋರು ಒಬ್ಬರನ್ನ ತೋರಿಸಿ ಮಾವ, ಕಾಲಿಗೆ ಬೀಳ್ತೀನಿ.”

ಕೋಣೆಯೆಲ್ಲ ನಕ್ಕಿತು. ಮಾವ ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೊಮ್ಮೆ ಒರೆಸಿದರು.

ಅದೇ ತಿಂಗಳು ಗಾಳಿಯೆದ್ದ ಒಂದು ಬೆಳಗ್ಗೆ, ಬಾವಿಯ ಬಾಯಿಯ ಬಳಿ ದುಡಿಯುತ್ತಿದ್ದವರ ತಲೆಯ ಮೇಲಿಂದ ಪೈಪಿನ ಕಟ್ಟೊಂದನ್ನು ಅಳಿಯ ದಾಟಿಸಬೇಕಾಯಿತು. ನೆಲ ಬಿಟ್ಟ ಕೂಡಲೇ ಕಟ್ಟು ತೊಟ್ಟಿಲಿನಂತೆ ತೂಗತೊಡಗಿತು. ನಿಲ್ಲಿಸಿದರೆ ಗುತ್ತಿಗೆ ಹೋಗುತ್ತದೆ, ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ.

ವೈರ್‌ಲೆಸ್ಸಿನಲ್ಲಿ ಕಂಪನಿ ಮ್ಯಾನ್ ಗುಡುಗಿದ: “ಎತ್ತಯ್ಯಾ! ಗಾಳಿ ಏನು ನಿನ್ನ ಬೀಗರಾ, ಅಷ್ಟು ಮರ್ಯಾದೆ ಕೊಡೋಕೆ?”

ಅಳಿಯ ಕೆಳಗಿನವರ ಹಳದಿ ಟೋಪಿಗಳನ್ನು ನೋಡಿದ. ಕಟ್ಟನ್ನು ಮೆಲ್ಲನೆ ನೆಲಕ್ಕಿಳಿಸಿ, “ಸ್ಟಾಪ್ ವರ್ಕ್,” ಎಂದು ಎಂಜಿನ್ ಆರಿಸಿದ.

ಸಂಜೆಗೆ ಗಾಳಿ ತಗ್ಗಿತು. ಏನೂ ಆಗಲಿಲ್ಲ. ಆಗದೆ ಹೋದ ಅಪಘಾತಕ್ಕೆ ಪುರಾವೆ ಒದಗಿಸುವ ವಿಧಾನವನ್ನು ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ. ಕಂಪನಿಯವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ಸುರಕ್ಷತೆಯ ಫಲಕದಲ್ಲಿ ಅವನ ಫೋಟೊ ಅಂಟಿಸಿದರು, ಮುಂದಿನ ಗುತ್ತಿಗೆಯನ್ನು ಬೇರೊಬ್ಬನ ಕ್ರೇನಿಗೆ ಕೊಟ್ಟರು.

“ನಿಮ್ಮ ಪಾಠ ಕೇಳಿ ಗೋಡೆ ಸೇರಿದೆ ಮಾವ.”

“ಬದುಕಿದ್ದಾಗಲೇ ಸೇರಿದ್ಯಲ್ಲಪ್ಪ, ಪುಣ್ಯವಂತ,” ಎಂದ ಮಾವ ಅಳಿಯನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಕ್ರೇನಿಗೆ ಬೇರೆ ಕಡೆ ಕೆಲಸ ಸಿಗುವವರೆಗೂ ಮಗಳ ಮನೆಯ ಒಲೆ ಅವರ ಸಂಬಳದಿಂದಲೇ ಉರಿಯಿತು. ಅಂದಿನ ಪ್ರಶ್ನೆಗೆ ಮಾತ್ರ ಅವರು ಉತ್ತರಿಸಲಿಲ್ಲ.

ಅವರು ತೀರಿಕೊಂಡ ಮರುದಿನ, ಹಿಂದೆ ರಿಗ್ಗಿನಲ್ಲಿ ದುಡಿದಿದ್ದ ಮುದುಕರೊಬ್ಬರು ಮಾತಾಡಿಸಿ ಹೋಗಲು ಬಂದರು.

“ನಿಮ್ಮ ಮಾವ ಮೊದಲು ನಮ್ಮ ಜೊತೆ ರಿಗ್ ಮೇಲೇ ಇದ್ದೋರು. ಒಂದಿನ ಬಾವಿಯಿಂದ ತೊಟ್ಟಿಗೆ ವಾಪಸ್ ಬರೋ ಮಡ್ ಏರ್ತಿದೆ, ಕಿಕ್ ಬರ್ತಿದೆ ಅಂತ ಕೂಗಿ ಬಾವಿ ಮುಚ್ಚಿಸಿಬಿಟ್ರು.”

“ಆಮೇಲೆ?”

“ಏನೂ ಆಗಲಿಲ್ಲ. ಅದೇ ಅವರ ತಪ್ಪಾಯ್ತು. ಕಂಪನಿಯವರು ಅವರಿಗೂ ಚಪ್ಪಾಳೆ ತಟ್ಟಿದ್ರು. ತಟ್ಟಿದ ಮೇಲೆ ತಕ್ಷಣ ಓಡಿಸೋಕೂ ನಾಚಿಕೆ, ರಿಗ್ ಮೇಲೆ ಇಟ್ಕೊಳ್ಳೋಕೂ ಭಯ. ಅಲ್ಲಿವರೆಗೆ ಆ ಪಾಠ ಅನ್ನೋದೇ ಇರಲಿಲ್ಲಪ್ಪ. ಅವರನ್ನ ಕೂರಿಸೋಕೆ ಅಂತಲೇ ಆ ತಗಡಿನ ಕೋಣೆ ತರಿಸಿದ್ದು.”