ಜೀನ್ಸಿನ ಗವಸು

"ನಿಮ್ಮ ಗಾಡಿಗೆ ಜೀನ್ಸ್ ಬಟ್ಟೀಲೆ ಗವಸು ಹೊಲ್ದೀನಿ, ಹಾಕ್ರಿ. ಮೋಟರಿಗೆ ಧೂಳು ಹೋಗಂಗಿಲ್ಲ."

ನನ್ನ ಹೆಂಡತಿ ಕೊನೆಯದಾಗಿ ಆಡಿದ ಮಾತು ಇದು.

ಮೂರು ತಿಂಗಳಾದ ಮೇಲೆ, ನಾನೇ ಜೋಡಿಸಿದ, ರಿಮೋಟಿನಿಂದ ಓಡೋ ಆ ಪುಟ್ಟ ಗಾಡಿ ತಗೊಂಡು ಬಳ್ಳಾರಿಯಿಂದ ಕುರುಗೋಡಿನ ರೇಸಿಗೆ ಹೋದೆ. ಸಿರುಗುಪ್ಪದವನೊಬ್ಬ ತನ್ನ ಗಾಡಿಗೆ ಹೊಸ ಮೋಟರ್ ಹಾಕಿದ್ದ. ಸುಲಭವಾಗಿ ಗೆದ್ದ. ನನಗೆ ಹೊಟ್ಟೆ ಉರೀತು. ಅವನ ಹೆಂಡತಿ ಬಂದು ಸೆರಗಿನಿಂದ ಗಾಡಿಯ ಧೂಳು ಒರೆಸಿದಳು. ಇನ್ನೂ ಜಾಸ್ತಿ ಉರೀತು.

ಅವನು ನನ್ನ ಗವಸು ಎತ್ತಿ ನೋಡಿದ. "ಒಳಗ ಒಂಚೂರೂ ಧೂಳಿಲ್ಲಲ್ಲಣ್ಣ! ನನಗೂ ಒಂದು ಹೊಲಿಸಿಕೊಡ್ರಿ."

"ಹೊಲಿಯಾಕಿ ಈಗಿಲ್ಲಪ್ಪ."

ಮರುದಿನ ಬೆಳಿಗ್ಗೆ ನನ್ನಾಕಿಯ ಮಷಿನ್ ಮುಂದೆ ಕುಂತು ಒಂದು ಹೊಲಿದೆ. ಸೊಟ್ಟ ಬಂತು. ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಕೈಲಿ ಅದನ್ನೇ ಅವನಿಗೆ ಕಳಿಸಿದೆ. ಧೂಳು ಒಳಗೆ ಹೋದರೂ ಒರೆಸೋಕೆ ಅವನಿಗೆ ಹೆಂಡತಿ ಇದ್ದಾಳಲ್ಲ.